ಹೊಳೆ ತೋಟದ ಇಳಿಜಾರು, ಒಂದು ಬಾಟಲಿ ಬ್ರೇಕ್ ಆಯಿಲ್

ಸಕಲೇಶಪುರ ಅಂದ್ರೆ ನಮ್ಮ ಆಫೀಸಿನವರಿಗೆ ಗೊತ್ತಿರೋದು ಹೋಂಸ್ಟೇ, ಮಂಜು, ಮತ್ತೆ ಸೋಮವಾರ ಬೆಳಗ್ಗೆ ಕಾರಿನೊಳಗೇ ಕೂತು ಮೀಟಿಂಗಿಗೆ ಸೇರಿಕೊಳ್ಳೋ ಕಷ್ಟ. ಬೆಂಗಳೂರಿನಿಂದ ಇನ್ನೂರಿಪ್ಪತ್ತು ಕಿಲೋಮೀಟರ್ ಚಿಲ್ಲರೆ. ನೆಲಮಂಗಲ ದಾಟಿ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ. ಹಾಸನ ಕಳೆದ ಮೇಲೆ ಗಾಳಿ ಬದಲಾಗುತ್ತೆ, ಕಾರಿನ ಏಸಿ ತಾನಾಗೇ ಆಫ್ ಆಗುತ್ತೆ. ಪ್ರವಾಸಿಗರು ಮಂಜರಾಬಾದ್ ಕೋಟೆ ಹತ್ತಿ, ಟಿಪ್ಪು ಕಟ್ಟಿಸಿದ ಆ ನಕ್ಷತ್ರದಾಕಾರ ಡ್ರೋನ್ ಫೋಟೋದಲ್ಲಿ ಕಾಣಿಸೋ ಹಾಗೆ ನೆಲದ ಮೇಲೆ ಯಾಕೆ ಕಾಣಿಸಲ್ಲ ಅಂತ ಬೇಜಾರು ಮಾಡಿಕೊಂಡು ಇಳಿದು, ರೂಮಿಗೆ ಹೋಗ್ತಾರೆ.

ನನ್ನ ಸಕಲೇಶಪುರ ಅಲ್ಲಿಂದ ಇನ್ನೂ ಒಳಗೆ, ಹೆತ್ತೂರಿನ ಕಡೆ. ಅಮ್ಮನ ತವರು. ಸೋದರಮಾವನ ಕಾಫಿ ತೋಟ. ಮನೆ ಗುಡ್ಡದ ನೆತ್ತಿಯ ಹತ್ತಿರ, ತೋಟ ಅಲ್ಲಿಂದ ಮೂರು ಹಂತದಲ್ಲಿ ಇಳಿದು ಹೊಳೆಯವರೆಗೆ. ಮೇಲಿನದು ಅರೇಬಿಕಾ, ನಡುವೆ ಏಲಕ್ಕಿ ಇದ್ದ ಜಾಗ, ಈಗ ಅಲ್ಲೂ ಕಾಫಿಯೇ, ಕೆಳಗಿನದು ರೊಬಸ್ಟಾ. ಆ ಕೆಳಗಿನದಕ್ಕೆ ಮನೆಯಲ್ಲಿ ಹೊಳೆ ತೋಟ ಅಂತಾರೆ. ಹಾಳುವಾಣ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಯಲ್ಲಿ ಕಾಫಿಗಿಂತ ಜಾಸ್ತಿ ದುಡ್ಡು ಬರೋ ವರ್ಷಗಳೂ ಇವೆ. ಪಂಪ್‌ಹೌಸ್ ಅಲ್ಲೇ. ಮಾರ್ಚಿಯಲ್ಲಿ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ನೀರು ಅಲ್ಲಿಂದಲೇ ಏರಬೇಕು. ಅಂದ್ರೆ ಮನೆ ಎಲ್ಲಿದ್ದರೂ ತೋಟದ ಜೀವ ಕೆಳಗಿದೆ.

ಮೇಲಿಂದ ಕೆಳಕ್ಕೆ ಒಂದೇ ದಾರಿ. ಜೀಪ್ ದಾರಿ ಅಂತ ಹೆಸರು. ಕೆಮ್ಮಣ್ಣು, ನಡುವೆ ಅಲ್ಲಲ್ಲಿ ಕಲ್ಲು ಹಾಸು, ಒಂದು ಕಡೆ ದರೆ, ಇನ್ನೊಂದು ಕಡೆ ಕಾಫಿ ಗಿಡದ ತಲೆ ನಿಮ್ಮ ಪಾದದ ಮಟ್ಟದಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯೋ ರೈಲು ದಾರಿಯನ್ನು ಕಡಿದಾದ ಘಾಟ್ ಅಂತ ಎಲ್ಲರೂ ಹೊಗಳ್ತಾರಲ್ಲ, ಅದರ ಇಳಿಜಾರು 50 ಮೀಟರಿಗೆ 1 ಮೀಟರ್. ನಮ್ಮ ಹೊಳೆ ತೋಟದ ದಾರಿಗೆ ಆ ಲೆಕ್ಕ ಹೇಳಿದರೆ ಮಾವ ನಕ್ಕುಬಿಡ್ತಾರೆ. ಇಲ್ಲಿ ಕೆಲವು ತಿರುವಿನಲ್ಲಿ ಖಾಲಿ ಕೈಯಲ್ಲಿ ಇಳಿಯೋದಕ್ಕೂ ಗಿಡದ ಕೊಂಬೆ ಹಿಡೀಬೇಕು.

ಮಾವನಿಗೆ 66. ಬಲಗಾಲ ಮಂಡಿ ಸವೆದಿದೆ. ಡಾಕ್ಟರು ಆಪರೇಷನ್ ಅಂದಿದ್ದಾರೆ, ಮಾವ ಕಾಫಿ ಕೊಯ್ಲು ಮುಗೀಲಿ ಅಂದಿದ್ದಾರೆ. ಹಾಗೆ ಮೂರು ಕೊಯ್ಲು ಮುಗಿದಿದೆ. ಹೊಳೆ ತೋಟಕ್ಕೆ ನಡೆದು ಹೋಗಿ ಬರೋದು ಅವರ ಕೈಲಾಗಲ್ಲ. ಜೀಪು ಇದೆ, ಆದರೆ ಮಳೆಗಾಲದಲ್ಲಿ ಅದು ಆ ತಿರುವುಗಳಲ್ಲಿ ಜಾರುತ್ತೆ, ತಿರುಗಿಸೋಕೆ ಜಾಗವೂ ಇಲ್ಲ. ಅದಕ್ಕೆ ನಾಲ್ಕು ವರ್ಷದ ಹಿಂದೆ ಒಂದು ರೆಸಾರ್ಟ್ ಮುಚ್ಚಿದಾಗ ಅವರ ಹತ್ತಿರ ಒಂದು ಹಳೇ ಎಟಿವಿ ತಗೊಂಡರು. ನೀವು ನೋಡಿರ್ತೀರಿ, ರೆಸಾರ್ಟ್‌ಗಳಲ್ಲಿ ಟೈರ್ ಗುಡ್ಡೆ ಹಾಕಿದ ಟ್ರ್ಯಾಕಿನಲ್ಲಿ ಹತ್ತು ನಿಮಿಷಕ್ಕೆ ಇಷ್ಟು ಅಂತ ದುಡ್ಡು ಕೊಟ್ಟು ಓಡಿಸ್ತೀವಲ್ಲ, ಅದೇ. ನಮಗೆ ಅದು ಆಟದ ಸಾಮಾನು. ಆದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಕುರಿ ಸಾಕೋರಿಗೆ ಅದು ದಿನದ ಕೆಲಸದ ಗಾಡಿ. ನಮ್ಮ ಮಾವನಿಗೂ ಹಾಗೇ. ಹಿಂದಿನ ಕ್ಯಾರಿಯರ್‌ಗೆ ಔಷಧಿ ಹೊಡೆಯೋ ಪಂಪು, ಗೊಬ್ಬರದ ಚೀಲ, ಮೆಣಸಿನ ಕೊಯ್ಲಿನಲ್ಲಿ ತುಂಬಿದ ಮೂಟೆ. ತೋಟದ ಗೇಟು ದಾಟಿ ಅದು ರಸ್ತೆಗೆ ಬರಲ್ಲ, ಬರೋ ಹಾಗೂ ಇಲ್ಲ. ಅದಕ್ಕೆ ನಂಬರ್ ಪ್ಲೇಟ್ ಇಲ್ಲ. ಲೈನು ಮನೆಯ ಮಕ್ಕಳು ಅದಕ್ಕೆ ಕಪ್ಪೆ ಅಂತ ಹೆಸರಿಟ್ಟಿದ್ದಾರೆ. ಮುಂದಿಂದ ನೋಡಿದರೆ ಹಾಗೇ ಇದೆ.

ದೀಪಾವಳಿ ಕಳೆದ ಮೇಲಿನ ಒಂದು ಶುಕ್ರವಾರ ರಾತ್ರಿ ನಾನು ಅಲ್ಲಿ ತಲುಪಿದಾಗ ಅತ್ತೆ ಕಡುಬು ಬೇಯಿಸಿದ್ದರು. ಊಟ ಆದ ಮೇಲೆ ಕೆನಡಾದಿಂದ ಮಾವನ ಮಗನ ವಿಡಿಯೋ ಕಾಲ್. ವಿಷಯ ಪ್ರತಿ ವಾರದ್ದೇ. ಹೊಳೆ ತೋಟವನ್ನು ಯಾರಿಗಾದರೂ ಗುತ್ತಿಗೆಗೆ ಕೊಡಿ, ಇಲ್ಲ ಮಾರಿಬಿಡಿ, ಮೇಲಿನದು ಸಾಕು. ಅವನು ಹೇಳೋದರಲ್ಲಿ ತಪ್ಪೇನಿಲ್ಲ. ಅಷ್ಟು ದೂರ ಕೂತವನಿಗೆ ಅಪ್ಪನ ಮಂಡಿ ಮಾತ್ರ ಕಾಣುತ್ತೆ. ಮಾವ "ಆಯ್ತಪ್ಪ, ನೋಡಾಣ" ಅಂತ ಫೋನು ಅತ್ತೆ ಕೈಗೆ ಕೊಟ್ಟು ಜಗಲಿಗೆ ಬಂದರು. ನಾನೂ ಹೋದೆ. ಆಗ ಮೆಲ್ಲಗೆ ಹೇಳಿದ್ದು.

"ಮಗ, ಕಪ್ಪೆ ಬ್ರೇಕು ಇಳೀವಾಗ ಕೈ ಕೊಡ್ತದೆ ಕಣ. ಹಿಡಿದ್ರೆ ಲಿವರು ಹ್ಯಾಂಡಲಿಗೇ ಬಂದು ಕೂತ್ಕೊಳ್ತದೆ. ಮೊನ್ನೆ ಮೂರನೇ ತಿರುವಲ್ಲಿ ದರೆಗೆ ಒರಗಿಸಿ ನಿಲ್ಲಿಸ್ದೆ. ನಿನ್ನತ್ತೆಗೆ ಹೇಳ್ಬೇಡ."

ಮೂರನೇ ತಿರುವು ಅಂದ್ರೆ ಒಂದು ಕಡೆ ದರೆ, ಇನ್ನೊಂದು ಕಡೆ ಏನೂ ಇಲ್ಲ. ಅವರು ದರೆ ಕಡೆಗೆ ತಿರುಗಿಸಿದ್ದು ನಲವತ್ತು ವರ್ಷ ಜೀಪು ಓಡಿಸಿದ ಕೈಯ ಬುದ್ಧಿ.

ಪೇಟೆಯ ಒಂದು ವರ್ಕ್‌ಶಾಪಿನವರನ್ನು ಕರೆಸಿ ತೋರಿಸಿದ್ದರಂತೆ. ಅವರು ಕಣದಲ್ಲಿ ಎರಡು ಸುತ್ತು ಓಡಿಸಿ, ಬ್ರೇಕ್ ಹಿಡಿದು, ಪ್ಯಾಡ್ ನೋಡಿ, ಎಲ್ಲಾ ಸರಿಯಾಗಿದೆ ಗೌಡ್ರೇ ಅಂತ ಇನ್ನೂರು ರೂಪಾಯಿ ತಗೊಂಡು ಹೋದರು. ಅವರು ಸುಳ್ಳು ಹೇಳಿರಲಿಲ್ಲ. ಸಮತಟ್ಟಾದ ಕಣದಲ್ಲಿ ಆ ಬ್ರೇಕು ಸರಿಯಾಗೇ ಇತ್ತು. ಈ ತೊಂದರೆಯ ಗುಣವೇ ಅದು.

ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡು ಸಾಫ್ಟ್‌ವೇರು. ಬೆಂಗಳೂರಿನಲ್ಲಿ ನನ್ನಂಥವರ ಸಂತೆಯೇ ಇದೆ. ನಮ್ಮ ಕೆಲಸದಲ್ಲೂ ಹೀಗೇ, ನಮ್ಮ ಮೆಷೀನಿನಲ್ಲಿ ಓಡುತ್ತೆ, ಗಿರಾಕಿ ಹತ್ತಿರ ಬೀಳುತ್ತೆ. ಅಲ್ಲಿ ಕೇಳೋ ಪ್ರಶ್ನೆಯನ್ನೇ ಇಲ್ಲೂ ಕೇಳಿದೆ: ಯಾವಾಗ ಬೀಳುತ್ತೆ? ಮಾವ ಸರಿಯಾಗಿ ಹೇಳಿದರು. ಹೊರಟಾಗ ಅಲ್ಲ, ಅರ್ಧ ಇಳಿದ ಮೇಲೆ. ಎರಡು ಮೂರು ಸಲ ಲಿವರ್ ಹೊಡೆದರೆ ಸ್ವಲ್ಪ ಗಟ್ಟಿಯಾಗುತ್ತೆ. ಕೆಳಗೆ ಹೋಗಿ ಒಂದು ಗಂಟೆ ನಿಲ್ಲಿಸಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಇರುತ್ತೆ. ಬಲಗಾಲಿನ ಬ್ರೇಕ್ ಹಿಡೀತೀರಾ ಅಂದೆ. "ಮಂಡಿ ನೋವು ಮಾರಾಯ, ಕೈಯದ್ದೇ ಹಿಡಿಯೋದು."

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಈ ಗಾಡಿಯಲ್ಲಿ ಕೈ ಲಿವರ್ ಮುಂದಿನ ಎರಡು ಚಕ್ರದ ಡಿಸ್ಕಿಗೆ, ಕಾಲಿನ ಪೆಡಲ್ ಹಿಂದಿನ ಒಂದು ಡಿಸ್ಕಿಗೆ. ಪೆಡಲ್ ಮುಟ್ಟದಿದ್ದರೆ ಗಾಡಿಯ ತೂಕ, ಮಾವನ ತೂಕ, ಐವತ್ತು ಕೆಜಿ ಗೊಬ್ಬರ, ಎಲ್ಲವನ್ನೂ ತಡೆಯೋ ಕೆಲಸ ಮುಂದಿನ ಎರಡು ಡಿಸ್ಕಿನದು. ಜೀಪಿನ ಹಾಗೆ ಫಸ್ಟ್ ಗೇರಿಗೆ ಹಾಕಿ ಇಂಜಿನ್ ಮೇಲೆ ಇಳಿಸೋಣ ಅಂದರೆ ಇದು ಬೆಲ್ಟಿನ ಗಾಡಿ. ಆಕ್ಸಿಲರೇಟರ್ ಬಿಟ್ಟು ನಿಧಾನ ಆದರೆ ಬೆಲ್ಟು ಸಡಿಲ ಬಿಟ್ಟು ಗಾಡಿ ಸುಮ್ಮನೆ ಉರುಳುತ್ತೆ. ಕೆಲವು ಹೊಸ ಮಾದರಿಗಳಲ್ಲಿ ಇಳಿಜಾರಿನಲ್ಲಿ ಇಂಜಿನ್ ಹಿಡಿದಿಡೋ ವ್ಯವಸ್ಥೆ ಇರುತ್ತೆ, ಇದರಲ್ಲಿ ಇಲ್ಲ. ಹೀಗಾಗಿ ಇಡೀ ಇಳಿಜಾರು ಬ್ರೇಕ್ ಹಿಡಿದುಕೊಂಡೇ ಇಳೀಬೇಕು. ಬಿಸಿ ಅಲ್ಲಿ ಹುಟ್ಟುತ್ತೆ.

ಉಳಿದ ಅರ್ಧ ಉತ್ತರ ಮಳೆಯಲ್ಲಿತ್ತು.

ಮಲೆನಾಡಿನ ತೋಟದ ಮನೆಗಳಲ್ಲಿ ಒಂದು ಅಭ್ಯಾಸ ಇದೆ, ಗಮನಿಸಿದ್ದೀರೋ ಇಲ್ಲವೋ. ಅಂಗಳದಲ್ಲಿ ಒಂದು ಮಳೆ ಮಾಪಕ, ಒಳಗೆ ಒಂದು ಪುಸ್ತಕ. ಮಿಲಿಮೀಟರ್ ಯಾರೂ ಹೇಳಲ್ಲ. ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಬೆಳಗ್ಗೆ ಫೋನ್ ಮಾಡಿದರೆ ಆರೋಗ್ಯ ವಿಚಾರಿಸೋ ಮೊದಲು "ನಿಮ್ಮಲ್ಲಿ ಎಷ್ಟು?" ಅಂತಾರೆ, "ಎರಡು ಇಂಚು ನಲವತ್ತು ಸೆಂಟು" ಅಂತ ಉತ್ತರ. ಮಾವನ ಪುಸ್ತಕದಲ್ಲಿ ಆ ಜುಲೈಯ ಒಂದು ದಿನದ ಎದುರು 6 ಇಂಚು 20 ಸೆಂಟು ಅಂತಿತ್ತು. ಮೂರು ತಿಂಗಳು ಇಲ್ಲಿ ಬಟ್ಟೆ ಒಣಗಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರು, ಬೆಲ್ಟು-ಚಪ್ಪಲಿಗೆ ಬೂಷ್ಟು, ಹುಲ್ಲಲ್ಲಿ ಕಾಲಿಟ್ಟರೆ ಉಂಬಳ. ಆ ಹವೆಯಲ್ಲಿ ಕಪ್ಪೆ ನಾಲ್ಕು ಮಳೆಗಾಲ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಂತಿದೆ.

ನಾವು ಬ್ರೇಕ್ ಆಯಿಲ್ ಅಂತೀವಲ್ಲ, ಅದು ಎಣ್ಣೆಯೇ ಅಲ್ಲ. ಡಾಟ್ 3, ಡಾಟ್ 4 ಅಂತ ಬರೋದು ಗ್ಲೈಕಾಲ್ ಜಾತಿಯ ದ್ರವ. ಎಣ್ಣೆ ನೀರನ್ನು ದೂರ ಇಡುತ್ತೆ, ಇದು ಉಪ್ಪಿನ ಹಾಗೆ ಎಳೆದುಕೊಳ್ಳುತ್ತೆ. ಮುಚ್ಚಳ ಬಿಗಿಯಾಗಿದ್ದರೂ ರಬ್ಬರ್ ಪೈಪಿನ ಮೂಲಕ, ಮುಚ್ಚಳದ ಗಾಳಿಕಿಂಡಿಯ ಮೂಲಕ ತೇವ ನಿಧಾನಕ್ಕೆ ಒಳಗೆ ಸೇರುತ್ತೆ. ಹೊಸ ಡಾಟ್ 4 ಕುದಿಯೋದು ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್‌ಗೆ. ಅದರಲ್ಲಿ ನೂರಕ್ಕೆ 3.7 ಪಾಲು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತೆ. ಡಾಟ್ 3 ಆದರೆ 205 ಇದ್ದದ್ದು 140. ಉದ್ದ ಇಳಿಜಾರಿನಲ್ಲಿ ಹಿಡಿದೇ ಇದ್ದ ಡಿಸ್ಕಿನ ಬಿಸಿ ಪ್ಯಾಡ್ ದಾಟಿ ಕ್ಯಾಲಿಪರಿಗೆ ಹೋಗಿ, ಒಳಗಿನ ದ್ರವ ಕುದ್ದು ಆವಿಯ ಗುಳ್ಳೆ ಏಳುತ್ತೆ. ದ್ರವವನ್ನು ಒತ್ತಿದರೆ ಕುಗ್ಗಲ್ಲ, ಅದಕ್ಕೇ ನಿಮ್ಮ ಬೆರಳಿನ ಒತ್ತಡ ಹಾಗೇ ಚಕ್ರಕ್ಕೆ ಹೋಗೋದು. ಪಿಯುಸಿಯಲ್ಲಿ ಪಾಸ್ಕಲನ ನಿಯಮ ಅಂತ ಎರಡು ಮಾರ್ಕಿಗೆ ಬರೆದಿದ್ದೆವು. ಆವಿ ಹಾಗಲ್ಲ, ಒತ್ತಿದರೆ ಕುಗ್ಗುತ್ತೆ. ನೀವು ಲಿವರ್ ಹಿಡಿದಷ್ಟೂ ಗುಳ್ಳೆ ಕುಗ್ಗುತ್ತೆ, ಪ್ಯಾಡ್ ಅಲ್ಲಾಡಲ್ಲ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವ ಆಗಿ ಸಾಕ್ಷಿಯೇ ಇರಲ್ಲ. ಕಣದಲ್ಲಿ ಎರಡು ಸುತ್ತು ಓಡಿಸಿದರೆ ಅದು ಹೇಗೆ ಸಿಗಬೇಕು?

ಶಿರಾಡಿ ಘಾಟ್ ಇಳಿಯೋವಾಗ ಲಾರಿಗಳ ಹಿಂದೆ ಸುಟ್ಟ ವಾಸನೆ ಬರುತ್ತಲ್ಲ, ಅದು ಬ್ರೇಕ್ ಲೈನರ್ ಕಾದ ವಾಸನೆ. ಆ ದೊಡ್ಡ ಗಾಡಿಗಳದ್ದು ಗಾಳಿ ಬ್ರೇಕು; ಅಲ್ಲಿ ಗಾಳಿಯೇ ಕೆಲಸಗಾರ. ನಮ್ಮ ಕಾರು, ಬೈಕು, ಕಪ್ಪೆಗೆ ಗಾಳಿಯೇ ಶತ್ರು.

ಶನಿವಾರ ಬೆಳಗ್ಗೆ ಅಕ್ಕಿ ರೊಟ್ಟಿ ತಿಂದು ಶೆಡ್ಡಿಗೆ ಹೋದೆ. ಕಪ್ಪೆಯ ಹ್ಯಾಂಡಲಿಗೆ ಆಯುಧ ಪೂಜೆಯ ಹಾರ ಒಣಗಿ ನೇತಾಡ್ತಿತ್ತು, ಮಡ್‌ಗಾರ್ಡ್ ಮೇಲೆ ಕುಂಕುಮ. ಪ್ರತಿ ವರ್ಷ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಿದ್ದಾರೆ, ಆಯಿಲ್ ಡಬ್ಬಿಯ ಮುಚ್ಚಳ ಮಾತ್ರ ಒಮ್ಮೆಯೂ ತೆಗೆದಿಲ್ಲ. ಹ್ಯಾಂಡಲ್ ಮೇಲಿನ ಆ ಚಿಕ್ಕ ಡಬ್ಬಿಗೆ ಪಕ್ಕದಲ್ಲಿ ಒಂದು ಗಾಜಿನ ಕಣ್ಣು. ಅದರಲ್ಲಿ ನೋಡಿದರೆ ಅತ್ತೆಯ ಡಿಕಾಕ್ಷನ್ ಬಣ್ಣ. ಹೊಸದು ತೆಳು ಜೇನಿನ ಹಾಗಿರಬೇಕು. ಮುಚ್ಚಳದ ಮೇಲೆ ಅಚ್ಚು ಹಾಕಿತ್ತು, ಡಾಟ್ 4.

ಮೊದಲು ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ಪೈಪಿನ ಉದ್ದಕ್ಕೂ ಕೈ ಆಡಿಸಿ ಎಲ್ಲಾದರೂ ಒದ್ದೆ ಇದೆಯಾ, ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿದೆ. ಇರಲಿಲ್ಲ. ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಇತ್ತು. ಸೋರಿಕೆ ಇದ್ದಿದ್ದರೆ ಬರೀ ಆಯಿಲ್ ಬದಲಿಸೋದು ಮೋಸದ ಕೆಲಸ ಆಗ್ತಿತ್ತು.

ಕ್ಯಾಲಿಪರಿನ ಹಿಂದೆ ಬ್ಲೀಡಿಂಗ್ ನಿಪ್ಪಲ್ ಅಂತ ಒಂದು ಸಣ್ಣ ತಿರುಪು ಇರುತ್ತೆ, ಹಳೇ ಆಯಿಲ್ ಹೊರಗೆ ಬರೋ ಬಾಗಿಲು. ಬಲಗಡೆಯದ್ದು, ಹಿಂದಿನದ್ದು ರಬ್ಬರ್ ಟೋಪಿ ಹಾಕಿಕೊಂಡು ಚೆನ್ನಾಗಿದ್ದವು. ಎಡಗಡೆಯದ್ದಕ್ಕೆ ಟೋಪಿ ಇಲ್ಲ, ಕೆಸರು, ತುಕ್ಕು. ಅದನ್ನು ಆಗಲೇ ತಿರುಗಿಸೋಕೆ ಹೋಗಲಿಲ್ಲ. ಆ ನಿಪ್ಪಲ್ ಒಳಗೆ ಟೊಳ್ಳು. ಬಲ ಹಾಕಿದರೆ ಕುತ್ತಿಗೆ ಮುರಿಯುತ್ತೆ, ಮುರಿದರೆ ಆ ವಾರ ಅಲ್ಲ, ಆ ತಿಂಗಳು ಕಪ್ಪೆ ಓಡಲ್ಲ. ವೈರ್ ಬ್ರಷ್ಷಿನಲ್ಲಿ ಉಜ್ಜಿ, ತುಕ್ಕು ಬಿಡಿಸೋ ಸ್ಪ್ರೇಯನ್ನು ಬಟ್ಟೆ ತುದಿಯಲ್ಲಿ ನೆನೆಸಿ ಅದರ ಬುಡಕ್ಕೆ ಮಾತ್ರ ತಾಗಿಸಿ ಬಿಟ್ಟೆ. ಡಿಸ್ಕಿಗೋ ಪ್ಯಾಡಿಗೋ ಅದು ಸಿಡಿದರೆ ಇರೋ ಬ್ರೇಕೂ ಹೋಯ್ತು.

ಆಮೇಲೆ ಸಕಲೇಶಪುರಕ್ಕೆ. ಹೇಮಾವತಿ ಸೇತುವೆ ದಾಟಿ ಬಿ.ಎಂ. ರಸ್ತೆಯಲ್ಲಿ ಆಟೋಮೊಬೈಲ್ ಅಂಗಡಿಗಳ ಸಾಲು. ವಾರಾಂತ್ಯ ಅಲ್ವಾ, ರಸ್ತೆ ತುಂಬಾ ನಮ್ಮ ಬೆಂಗಳೂರಿನ ಕಾರುಗಳೇ. ಅಂಗಡಿಯವರು ಕೌಂಟರ್ ಕೆಳಗಿಂದ ಒಂದು ತೆರೆದ ಡಬ್ಬಿ ಎತ್ತಿ "ಸ್ವಲ್ಪವೇ ಬೇಕಾ, ಇದರಲ್ಲೇ ಹಾಕಿಕೊಡ್ಲಾ" ಅಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ತೆರೆದಿಟ್ಟ ಬ್ರೇಕ್ ಆಯಿಲ್ ಅಂದ್ರೆ ಆಗಲೇ ನೀರು ಕುಡಿಯೋಕೆ ಶುರು ಮಾಡಿದ ಆಯಿಲ್, ಅದೂ ಈ ಊರಲ್ಲಿ. ಸೀಲ್ ಇದ್ದ ಅರ್ಧ ಲೀಟರ್ ಡಾಟ್ 4 ಬಾಟಲಿ ಕೇಳಿ, ತಯಾರಾದ ದಿನಾಂಕ ನೋಡಿ ತಗೊಂಡೆ. ಡಾಟ್ 5 ಅಂತ ಒಂದಿದೆ, ಅದು ಸಿಲಿಕೋನ್, ಇದರ ಜೊತೆ ಬೆರೆಸೋ ಹಾಗಿಲ್ಲ. ಹೆಸರು ಹತ್ತಿರ ಇದ್ದರೂ ಡಾಟ್ 5.1 ಮತ್ತೆ ಗ್ಲೈಕಾಲ್ ಜಾತಿಯೇ. ಇಂಥ ಹೆಸರಿಡೋರು ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲಿ ಮಾತ್ರ ಇದ್ದಾರೆ ಅಂದುಕೊಂಡಿದ್ದೆ. ಪಕ್ಕದ ಅಂಗಡಿಯಲ್ಲಿ ಮೀನಿನ ತೊಟ್ಟಿಗೆ ಹಾಕೋ ಪಾರದರ್ಶಕ ಪೈಪು ಒಂದು ಮೀಟರ್, ಪಶು ಔಷಧಿ ಅಂಗಡಿಯಲ್ಲಿ ದನಕ್ಕೆ ಚುಚ್ಚೋ ದೊಡ್ಡ ಸಿರಿಂಜು. ಎಲ್ಲಾ ಸೇರಿ ವಾರಾಂತ್ಯದ ಒಂದು ಬಿರಿಯಾನಿ ಬಿಲ್ಲಿನಷ್ಟೂ ಆಗಲಿಲ್ಲ.

ಭಾನುವಾರ ಬೆಳಗ್ಗೆ ಮಂಜು ಕರಗೋ ಹೊತ್ತಿಗೆ ಪಕ್ಕದ ತೋಟದ ಜೀಪ್ ಡ್ರೈವರಣ್ಣ ಬಂದರು. ಮಾವನೇ ಹೇಳಿ ಕಳಿಸಿದ್ದು. ಇವರು ಪ್ರವಾಸಿಗರನ್ನು ಪಟ್ಲ ಬೆಟ್ಟಕ್ಕೆ ಜೀಪಿನಲ್ಲಿ ಹತ್ತಿಸೋರು. ಆ ದಾರಿ ನೋಡಿದವರಿಗೆ ಅವರ ಬ್ರೇಕಿನ ಜ್ಞಾನದ ಬಗ್ಗೆ ಅನುಮಾನ ಬರಲ್ಲ. ನನ್ನ ಸಾಮಾನೆಲ್ಲ ನೋಡಿ, "ಸಾರ್, ನೀವು ಲಿವರ್ ಹಿಡೀರಿ, ನಿಪ್ಪಲ್ ನಾನು ನೋಡ್ತೀನಿ" ಅಂದರು. ಇದು ಇಬ್ಬರ ಕೆಲಸವೇ.

ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತೆ. ಟ್ಯಾಂಕು, ಮಡ್‌ಗಾರ್ಡಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟೆವು. ಬಿದ್ದರೆ ತಕ್ಷಣ ತೊಳೆದರಾಯ್ತು, ನೀರಿಗೆ ಅದು ಹೋಗುತ್ತೆ. ಹ್ಯಾಂಡಲ್ ತಿರುಗಿಸಿ ಆಯಿಲ್ ಡಬ್ಬಿಯನ್ನು ಮಟ್ಟ ಮಾಡಿ, ಮುಚ್ಚಳದ ಸುತ್ತ ಮಣ್ಣು ಒರೆಸಿದ ಮೇಲೆ ತಿರುಪು ಬಿಚ್ಚಿದ್ದು. ಒಂದು ಕಣ ಮರಳು ಒಳಗೆ ಬಿದ್ದರೂ ಮಾಸ್ಟರ್ ಸಿಲಿಂಡರಿನ ಸೀಲ್ ಗೀರಿಬಿಡುತ್ತೆ. ಆ ತಿರುಪುಗಳ ತಲೆ ಬೇಗ ಸವೆಯುತ್ತೆ, ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಒತ್ತಿ ಹಿಡಿದು ತಿರುಗಿಸಬೇಕು. ಒಳಗಿನ ರಬ್ಬರ್ ಪದರ ತೆಗೆದಾಗ ಡಬ್ಬಿ ತಳದಲ್ಲಿ ರಾಡಿ. ಮಾವ ಕುರ್ಚಿ ಹಾಕಿಸಿಕೊಂಡು ಕೂತಿದ್ದವರು ಬಗ್ಗಿ ನೋಡಿ "ಥೂ" ಅಂದರು.

ಸಿರಿಂಜಿನಲ್ಲಿ ಆ ರಾಡಿ ಎಳೆದು ತೆಗೆದು, ಒರೆಸಿ, ಹೊಸದನ್ನು ತುಂಬಿದೆವು. ಇಷ್ಟಕ್ಕೇ ಮುಗಿಸೋರೂ ಇದ್ದಾರೆ. ಮೇಲಿನ ಡಬ್ಬಿ ಚೆನ್ನಾಗಿ ಕಾಣುತ್ತೆ, ಕುದಿಯೋ ಜಾಗವಾದ ಕ್ಯಾಲಿಪರಿನಲ್ಲಿ ಹಳೇದೇ ಇರುತ್ತೆ. ಅದನ್ನು ಹೊರಗೆ ತಳ್ಳೋದೇ ನಿಜವಾದ ಕೆಲಸ. ನಿಪ್ಪಲಿಗೆ ಮೊದಲು ರಿಂಗ್ ಸ್ಪ್ಯಾನರ್, ಅದರ ಮೇಲೆ ಪೈಪು, ಪೈಪಿನ ಇನ್ನೊಂದು ತುದಿ ಒಂದು ಬಾಟಲಿಯಲ್ಲಿ ಸ್ವಲ್ಪ ಆಯಿಲ್ ಒಳಗೆ ಮುಳುಗಿರಬೇಕು, ಗಾಳಿ ಹಿಂದಕ್ಕೆ ಹೋಗದ ಹಾಗೆ. ನಾನು ಲಿವರ್ ಹಿಡಿದು "ಹಿಡಿದೆ" ಅನ್ನೋದು, ಅಣ್ಣ ನಿಪ್ಪಲ್ ಕಾಲು ಸುತ್ತು ಬಿಡೋದು, ಲಿವರ್ ಹ್ಯಾಂಡಲಿಗೆ ಬಂದು ಕೂರುತ್ತೆ, ಅವರು ಬಿಗಿ ಮಾಡಿ "ಬಿಡಿ" ಅಂದ ಮೇಲೇ ನಾನು ಬಿಡೋದು. ನಿಪ್ಪಲ್ ತೆರೆದಿರುವಾಗ ಲಿವರ್ ಬಿಟ್ಟರೆ ಗಾಳಿ ಒಳಗೆ ಎಳೆದುಕೊಳ್ಳುತ್ತೆ. ಹಿಡಿದೆ, ಬಿಡಿ, ಹಿಡಿದೆ, ಬಿಡಿ. ಐದಾರು ಸಲಕ್ಕೊಮ್ಮೆ ಮೇಲಿನ ಡಬ್ಬಿ ನೋಡಿ ತುಂಬಬೇಕು. ಅದು ಖಾಲಿಯಾದರೆ ಮೇಲಿಂದ ಗಾಳಿ ಹೊಕ್ಕು ಮತ್ತೆ ಮೊದಲಿಂದ.

ಡಬ್ಬಿಯಿಂದ ದೂರ ಇದ್ದ ಎಡಗಡೆಯಿಂದಲೇ ಶುರು ಮಾಡಬೇಕಿತ್ತು, ಹಟಮಾರಿ ನಿಪ್ಪಲ್ ಇದ್ದದ್ದೂ ಅಲ್ಲೇ. ಒಂದು ದಿನ ನೆನೆದಿದ್ದರೂ ಜಗ್ಗಲಿಲ್ಲ. ಡ್ರೈವರಣ್ಣ ಸಣ್ಣ ಸುತ್ತಿಗೆಯಲ್ಲಿ ಅದರ ತಲೆಗೆ ಟಕ್ ಟಕ್ ಅಂತ ಹತ್ತಿಪ್ಪತ್ತು ಸಲ ಮೆಲ್ಲಗೆ ಬಡಿದರು, ಮತ್ತೆ ನೆನೆಸಿದರು, ಬೀಡಿ ಹಚ್ಚಿಕೊಂಡು ದೂರ ಹೋಗಿ ನಿಂತರು. ಮಾವನಿಗೆ ತಡೆಯಲಿಲ್ಲ. "ಒಂದು ಪೈಪ್ ಸಿಗಿಸಿ ತಿರುಗ್ಸೋ, ಎಂತದಾಗ್ತದೆ." ಅಣ್ಣ ಉತ್ತರ ಕೊಡಲಿಲ್ಲ. ಬೀಡಿ ಮುಗಿಸಿ ಬಂದು, ಮೊದಲು ಬಿಗಿ ಮಾಡೋ ದಿಕ್ಕಿಗೆ ಒಂದು ಕೂದಲೆಳೆ ಒತ್ತಿ, ಆಮೇಲೆ ಬಿಚ್ಚೋ ದಿಕ್ಕಿಗೆ ತಿರುಗಿಸಿದರು. ಕಿರ್ ಅಂತ ಒಂದು ಸದ್ದು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು, ಮುರೀತೋ ಬಿಚ್ಚಿತೋ ಅಂತ. ಬಿಚ್ಚಿತ್ತು.

ಪೈಪಿನಲ್ಲಿ ಮೊದಲು ಬಂದದ್ದು ಕಪ್ಪಗೆ, ಡಬ್ಬಿಯಲ್ಲಿ ಇದ್ದದ್ದಕ್ಕಿಂತ ಕಪ್ಪು. ಅದರ ನಡುವೆ ಸಣ್ಣ ಸಣ್ಣ ಗುಳ್ಳೆ. ಹದಿನೈದು ಇಪ್ಪತ್ತು ಸಲ ಹಿಡಿದು ಬಿಟ್ಟ ಮೇಲೆ ಚಹಾ ಬಣ್ಣ, ಆಮೇಲೆ ತೆಳು. ಕೊನೆಗೆ ಹೊಸದರ ಬಣ್ಣವೇ ಬಂತು, ಗುಳ್ಳೆ ನಿಂತಿತು. ಬಲಗಡೆಯದ್ದು ಬೇಗ ಆಯ್ತು. ಹಿಂದಿನದಕ್ಕೆ ಬೇರೆ ಡಬ್ಬಿ, ಸೀಟಿನ ಪಕ್ಕ. ಅದರಲ್ಲಿ ಪೆಡಲ್ ಒತ್ತೋ ಕೆಲಸ, ಅಷ್ಟೇ ವ್ಯತ್ಯಾಸ. ಅಷ್ಟು ಹೊತ್ತಿಗೆ ನನ್ನ ಬೆರಳು ಜೋಮು ಹಿಡಿದಿತ್ತು.

ನಿಮ್ಮ ಬೈಕಿಗೂ ಇದೇ ಲೆಕ್ಕ. ಹೆಚ್ಚಿನ ಕಂಪನಿಗಳ ಪುಸ್ತಕದಲ್ಲಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಅಂತ ಇರುತ್ತೆ; ಕಿಲೋಮೀಟರ್ ಎಷ್ಟೇ ಓಡಿರಲಿ, ತೇವಕ್ಕೆ ಕಿಲೋಮೀಟರ್ ಗೊತ್ತಿಲ್ಲ. ಎಬಿಎಸ್ ಇದ್ದರೆ ಮಾತ್ರ ಮೊದಲು ಪುಸ್ತಕ ಓದಿ. ಅದರ ಒಳಗಿನ ಘಟಕಕ್ಕೆ ಗಾಳಿ ಹೊಕ್ಕರೆ ಮನೆಯಂಗಳದಲ್ಲಿ ತೆಗೆಯೋದು ಕಷ್ಟ, ಸರ್ವೀಸಿಗೇ ಕೊಡೋದು ಒಳ್ಳೇದು. ಘಾಟಿಗೆ ಹೋಗೋ ಹಿಂದಿನ ದಿನ ಟೈರಿನ ಗಾಳಿ ನೋಡ್ತೀವಿ, ಅದೇ ಹೊತ್ತಿಗೆ ಹ್ಯಾಂಡಲ್ ಮೇಲಿನ ಆ ಗಾಜಿನ ಕಣ್ಣಿನಲ್ಲೂ ಒಮ್ಮೆ ನೋಡಿ.

ಡಬ್ಬಿಯ ಎರಡು ಗೆರೆಗಳ ನಡುವೆ ಮಟ್ಟ ನಿಲ್ಲಿಸಿ, ರಬ್ಬರ್ ಪದರ ಮಡಚದ ಹಾಗೆ ಕೂರಿಸಿ, ಮುಚ್ಚಳ ಹಾಕಿದೆವು. ಎಲ್ಲಾ ಕಡೆ ನೀರು ಹಾಕಿ ತೊಳೆದದ್ದಾಯ್ತು. ಲಿವರನ್ನು ಬಲವಾಗಿ ಹಿಡಿದು ಒಂದು ನಿಮಿಷ ಹಾಗೇ ಇಟ್ಟೆ, ನಿಧಾನಕ್ಕೆ ಒಳಗೆ ಜಾರುತ್ತಾ ಅಂತ. ಕಲ್ಲಿನ ಹಾಗೆ ನಿಂತಿತು. ತೆಗೆದ ಹಳೇ ಆಯಿಲನ್ನು ರೈಟರು ಕೊಟ್ಟಿಗೆ ಹಿಂದೆ ಚೆಲ್ಲೋಕೆ ಹೊರಟಿದ್ದರು. ಅಲ್ಲಿ ಚೆಲ್ಲಿದ್ದೆಲ್ಲ ಮಳೆಗೆ ಹೊಳೆಗೇ ಹೋಗೋದು. ಬಾಟಲಿಗೆ ಮುಚ್ಚಳ ಹಾಕಿ ಡ್ರೈವರಣ್ಣನ ಕೈಗೆ ಕೊಟ್ಟೆವು, ಗ್ಯಾರೇಜಿನಲ್ಲಿ ಹಳೇ ಆಯಿಲಿನ ಡ್ರಮ್ ಇದೆ ಅಂದರು. ಬಾಟಲಿಯಲ್ಲಿ ಉಳಿದಿದ್ದ ಹೊಸದನ್ನು ಎತ್ತಿಡೋಣ ಅಂತ ಮಾವ ಅಂದಾಗ ಅದಕ್ಕೂ ಬೇಡ ಅಂದೆ. ಮಾವನಿಗೆ ಅದು ಹಿಡಿಸಲಿಲ್ಲ, ಅರ್ಧ ಬಾಟಲಿ ದಂಡ ಅಂತ ಗೊಣಗಿದರು.

ಮೊದಲು ಕಣದಲ್ಲಿ, ಆಮೇಲೆ ಮನೆ ಮುಂದಿನ ಸಣ್ಣ ಇಳಿಜಾರಿನಲ್ಲಿ, ಕೊನೆಗೆ ಹೊಳೆ ತೋಟದ ದಾರಿಯಲ್ಲಿ. ಡ್ರೈವರಣ್ಣ ಎರಡು ಚೀಲ ಗೊಬ್ಬರ ಹೇರಿಕೊಂಡು ಇಳಿದರು, ನಾನು ಹಿಂದೆ ನಡೆದೆ. ಮೂರನೇ ತಿರುವಿನಲ್ಲಿ, ಅತಿ ಕಡಿದಾದ ಜಾಗದಲ್ಲಿ, ಬೇಕಂತಲೇ ನಿಲ್ಲಿಸಿ, ಬಿಟ್ಟು, ಮತ್ತೆ ನಿಲ್ಲಿಸಿ ತೋರಿಸಿದರು. ಅಲ್ಲಿ ದರೆಯ ಕೆಮ್ಮಣ್ಣಿನಲ್ಲಿ ಮಾವ ಒರಗಿಸಿದ್ದ ಗುರುತು ಇನ್ನೂ ಇತ್ತು, ಕಪ್ಪೆಯ ಗಾರ್ಡಿನ ಅಗಲಕ್ಕೆ ಒಂದು ಗೀರು, ಅದರ ಮೇಲೆ ಆಗಲೇ ಹಸಿರು ಪಾಚಿ ಹಿಡೀತಿತ್ತು. ಇನ್ನೊಂದು ಕಡೆ ಕೆಳಗೆ ಹೊಳೆಯ ಸದ್ದು ಮಾತ್ರ ಕೇಳಿಸ್ತಿತ್ತು. ಕೆಳಗೆ ತಲುಪಿದಾಗ ಡಿಸ್ಕಿನ ಹತ್ತಿರ ಕೈ ಹಿಡಿಯೋಕೆ ಆಗದಷ್ಟು ಬಿಸಿ. ಲಿವರ್ ಮೊದಲಿನಷ್ಟೇ ಗಟ್ಟಿ.

ಮಾವನಿಗೆ ಎರಡು ಷರತ್ತು ಹಾಕಿದೆವು. ಅರ್ಧ ದಾರಿಯಲ್ಲಿ, ನಡುವಿನ ತೋಟದ ಸಮತಟ್ಟಿನಲ್ಲಿ, ಹತ್ತು ನಿಮಿಷ ನಿಲ್ಲಿಸಿ ತಣ್ಣಗಾಗೋಕೆ ಬಿಡಬೇಕು. ಮತ್ತೆ ಬಲಗಾಲಿನ ಪೆಡಲೂ ಬಳಸಬೇಕು. ಎರಡನೆಯದಕ್ಕೆ ಡ್ರೈವರಣ್ಣ ಪೆಡಲಿನ ಎತ್ತರ ಬದಲಿಸಿ, ಪಾದ ಎತ್ತದೆ ಹಿಮ್ಮಡಿ ಊರಿ ಒತ್ತೋ ಹಾಗೆ ಮಾಡಿಕೊಟ್ಟರು. ಆಪರೇಷನ್ ಮಾತು ತೆಗೆದಾಗ ಮಾವ ಹೊಳೆ ಕಡೆ ನೋಡಿದರು. "ಮೆಣಸು ಕೊಯ್ದು ಮುಗೀಲಿ." ಕೊಯ್ಲಿನ ಹೆಸರು ಬದಲಾಗಿದ್ದೇ ಸುಧಾರಣೆ ಅಂತ ಅತ್ತೆ ಒಳಗಿಂದ ಹೇಳಿದರು. ಅವರಿಗೆ ದರೆಯ ವಿಷಯ ಮೊದಲೇ ಗೊತ್ತಿತ್ತಂತೆ, ಲೈನು ಮನೆಯ ಮಕ್ಕಳು ಹೇಳಿದ್ದರು.

ನಾನು ಸಂಜೆ ನಾಲ್ಕಕ್ಕೆ ಹೊರಟೆ. ಚೀಲಕ್ಕೆ ಕಾಫಿಪುಡಿ, ಒಂದು ಸೇರು ಮೆಣಸು ಹಾಕಿಸಿ, ಮಾವ ಮಳೆ ಪುಸ್ತಕ ತಂದು ಮೇಜಿನ ಮೇಲೆ ಬಿಡಿಸಿದರು. ಆ ದಿನದ ಸಾಲಿನಲ್ಲಿ 0 ಇಂಚು 12 ಸೆಂಟು ಅಂತ ಬೆಳಗ್ಗೆಯೇ ಬರೆದಿತ್ತು. ಅದರ ಪಕ್ಕ, ಅಂಚಿನಲ್ಲಿ, "ಕಪ್ಪೆಗೆ ಬ್ರೇಕ್ ಆಯಿಲ್" ಅಂತ ಬರೆದು, ಎರಡು ವರ್ಷದ ನಂತರದ ಇಸವಿಯನ್ನೂ ಬರೆದು ಕೆಳಗೆ ಗೆರೆ ಎಳೆದರು.